ಸಾಹೇಬರ ವಾಚು, ಗುಮಾಸ್ತರ ವಾಚು

ಸಂಖ್ಯೆ: ಕೈಗ/ಹೋಲಿಕೆ/07/2025-26
ಧಾರವಾಡ, ದಿನಾಂಕ: 18-08-2025

ಸುತ್ತೋಲೆ

ವಿಷಯ: ಸಾಹೇಬರ ಕೈಗಡಿಯಾರವನ್ನು ಹೋಲುವ ಕೈಗಡಿಯಾರ ಕಟ್ಟಿಕೊಂಡು ಅಧೀನ ನೌಕರರು ಕಚೇರಿಗೆ ಬರುತ್ತಿರುವ ಬಗ್ಗೆ.

ಉಲ್ಲೇಖ: ಸಾಹೇಬರ ಮೌಖಿಕ ಅಸಮಾಧಾನ, ದಿ. 11-08-2025, ಮತ್ತು ಊಟದ ನಂತರದ ಅದರ ಜ್ಞಾಪನೆ.

1. ದ್ವಿತೀಯ ದರ್ಜೆ ಸಹಾಯಕ ಶ್ರೀ ಕಮರುದ್ದೀನ ಇವರು ಹಳೇ ಹುಬ್ಬಳ್ಳಿಯಲ್ಲಿ ₹1,850 ಕೊಟ್ಟು ಖರೀದಿಸಿದ ಹಳೆಯ ಕಾಲದ ಮಾದರಿಯ ಕೈಗಡಿಯಾರವು, ಸಾಹೇಬರ ಆರೂವರೆ ಲಕ್ಷದ ಕೈಗಡಿಯಾರದಂತೆಯೇ ಕಾಣುತ್ತಿರುವುದು ಗಮನಕ್ಕೆ ಬಂದಿರುತ್ತದೆ. ಎರಡಕ್ಕೂ ಬಿಳಿ ಮುಖ, ತೆಳು ಮುಳ್ಳು, ಕಂದು ಚರ್ಮದ ಪಟ್ಟಿ. ಸಾಹೇಬರದು ಮಾವನವರ ಉಡುಗೊರೆಯೆಂದು ಘೋಷಿಸಲಾಗಿದೆ. ಮಾವನವರಿಗೆ ಈ ವಿಷಯ ಇನ್ನೂ ತಿಳಿಸಿರುವುದಿಲ್ಲ.

2. ಎರಡನ್ನೂ ಹೋಲಿಸಿ ನೋಡಲು ರಚಿಸಿದ ಹೋಲಿಕಾ ಸಮಿತಿಯ ವರದಿಯಂತೆ, ಕಮರುದ್ದೀನರ ಗಡಿಯಾರ ಸಮಯ ತೋರಿಸುತ್ತದೆ. ಸಾಹೇಬರದು ಅಂತಸ್ತು ತೋರಿಸುತ್ತದೆ. ಸಾಹೇಬರ ಗಡಿಯಾರಕ್ಕೆ ದಿನಾಲು ಚಾವಿ ಕೊಡಬೇಕಾಗಿದ್ದು, ಅದು ಸಾಹೇಬರ ದರ್ಜೆಗೆ ತಕ್ಕ ಕೆಲಸವಲ್ಲ, ಜವಾನರ ಕೈಗೆ ಒಪ್ಪಿಸುವಷ್ಟು ಅಗ್ಗದ ವಸ್ತುವೂ ಅಲ್ಲ. ಆದಕಾರಣ ದಿ. 11ರಂದು ಅದು 9.40ಕ್ಕೆ ನಿಂತಿತು. ಸಾಹೇಬರೇ ಸಿಟ್ಟಿನಿಂದ ಚಾವಿ ತಿರುಗಿಸಿದ್ದರಿಂದ ಕಾಯಂ ನಿಂತಿತು. ದುರಸ್ತಿಗೆ ಮುಂಬಯಿಗೆ ಕಳಿಸಿದಲ್ಲಿ ಕಮರುದ್ದೀನರ ಎದುರು ಕೈ ಬರಿದಾಗುವುದರಿಂದ ಸಾಹೇಬರು ಒಪ್ಪಿರುವುದಿಲ್ಲ.

3. "ನಿಂತಿದೆ" ಎಂಬ ಪದವನ್ನು ಇನ್ನು ಮುಂದೆ ಬಳಸತಕ್ಕದ್ದಲ್ಲ. "ವಿಶ್ರಾಂತಿಯಲ್ಲಿದೆ" ಎನ್ನತಕ್ಕದ್ದು.

4. ಅಧೀನ ನೌಕರರು ತಮ್ಮ ಗಡಿಯಾರವನ್ನು ಅಂಗಿಯ ತೋಳಿನೊಳಗೆ ಮುಚ್ಚಿಕೊಳ್ಳತಕ್ಕದ್ದು. ಮಳೆ ಬಂದಲ್ಲಿ ಛತ್ರಿಯನ್ನು ಮೊದಲು ಸಾಹೇಬರ ಎಡಗೈಗೆ, ಜಾಗ ಉಳಿದಲ್ಲಿ ಸಾಹೇಬರಿಗೆ ಹಿಡಿಯತಕ್ಕದ್ದು. ಗಿರ್ಮಿಟ್ ತಿಂದ ಕೈಯಿಂದ ಸಾಹೇಬರಿಗೆ ನಮಸ್ಕರಿಸುವವರು ಮೂರು ಅಡಿ ದೂರದಲ್ಲಿರತಕ್ಕದ್ದು.

5. ಹೆಬ್ಬಳ್ಳಿಯ ಶ್ರೀಮತಿ ರುಕ್ಮವ್ವ ಇವರು ವೃದ್ಧಾಪ್ಯ ವೇತನಕ್ಕಾಗಿ ದಿ. 12ರಂದು ಒಂಬತ್ತನೇ ಬಾರಿ ಬಂದಾಗ, ಜವಾನ ಕುಮಾರಸ್ವಾಮಿ "ಬಿಳಿ ವಾಚ್ ಕಟ್ಟಿದವ್ರ ಸಾಹೇಬ್ರು" ಎಂದು ದಾರಿ ತೋರಿಸಿದ್ದು, ಅರ್ಜಿಯು ತಪ್ಪು ಕೈ ಸೇರಿರುತ್ತದೆ. ಕಮರುದ್ದೀನರು ಮೇಲಿನವರ ಗಮನಕ್ಕೆ ತಾರದೆ ಸದರಿಯವರನ್ನು ಕೂರಿಸಿ, ನೀರು ಕೊಟ್ಟು, ಇತರ ಕಾಗದಗಳ ನಡುವೆ ಇಟ್ಟು ಸಾಹೇಬರ ಸಹಿ ಮಾಡಿಸಿ, 11.15ಕ್ಕೆ ಮಂಜೂರಾತಿ ಪತ್ರ ನೀಡಿರುತ್ತಾರೆ. ವಿಚಾರಣೆಯಲ್ಲಿ ರುಕ್ಮವ್ವನವರ ಹೇಳಿಕೆ: "ನನಗ ವಾಚ್ ಗೀಚ್ ತಿಳ್ಯಾಂಗಿಲ್ರಿ ಯಪ್ಪಾ. ಕುಂದ್ರಬೇ ಯವ್ವಾ ಅಂದ್ರು, ಇವರ ಸಾಹೇಬರು ಅಂತ ತಿಳಕೊಂಡ್ನಿ."

6. ಸದರಿ ಪತ್ರ ಹೊರಬಿದ್ದಾಗ ಸಾಹೇಬರ ಗಡಿಯಾರದಲ್ಲಿ 9.40 ಆಗಿದ್ದು, ಕಚೇರಿ ಹತ್ತಕ್ಕೆ ತೆರೆಯುವುದರಿಂದ, ಕಚೇರಿ ತೆರೆಯುವ ಮೊದಲೇ ನೀಡಿದ ಪತ್ರವೆಂದು ಪರಿಗಣಿಸಿ ಅದನ್ನು ರದ್ದುಪಡಿಸಲಾಗಿದೆ. ಕೆಳಗಿನ ಸಹಿ ತಮ್ಮದೇ ಎಂಬುದನ್ನು ಸಾಹೇಬರು ಅಲ್ಲಗಳೆದಿರುವುದಿಲ್ಲ. ಆದರೆ ಆ ಹೊತ್ತಿಗೆ ತಾವು ಇನ್ನೂ ಬಂದಿರಲಿಲ್ಲವೆಂದು ಅಭಿಪ್ರಾಯಪಟ್ಟಿರುತ್ತಾರೆ.

7. ಈ ಸುತ್ತೋಲೆಯು ಸಾಹೇಬರ ಕೈಗಡಿಯಾರದಲ್ಲಿ ಹತ್ತು ಗಂಟೆಯಾದ ಕ್ಷಣದಿಂದ ಜಾರಿಗೆ ಬರತಕ್ಕದ್ದು. ಇದಕ್ಕಾಗಿ ಬೇರಾವ ಗಡಿಯಾರವನ್ನೂ ನೋಡತಕ್ಕದ್ದಲ್ಲ. ಅಲ್ಲಿಯವರೆಗೆ ಮಂಜೂರಾತಿ ಪತ್ರ ಊರ್ಜಿತವಾಗಿಯೇ ಇರುತ್ತದೆ. ಈ ಕಂಡಿಕೆಯ ಮೊದಲ ವಾಕ್ಯ ಓದಿ ಸಾಹೇಬರು ಬಹಳ ಸಂತೋಷಪಟ್ಟು ಅಲ್ಲಿಯೇ ಸಹಿ ಮಾಡಿರುತ್ತಾರೆ.

ಸಹಿ/-
ಕಚೇರಿ ಮುಖ್ಯಸ್ಥರು

ಕರಡು ಸಿದ್ಧಪಡಿಸಿದವರು: ಕಮರುದ್ದೀನ, ದ್ವಿ.ದ.ಸ.

ಪ್ರತಿಗಳು:
1. ಹೋಲಿಕಾ ಸಮಿತಿಗೆ, ವಿಸರ್ಜನೆಗಾಗಿ.
2. ಸಾಹೇಬರ ಮಾವನವರಿಗೆ, ಕೊಟ್ಟ ಉಡುಗೊರೆಯ ಮಾಹಿತಿಗಾಗಿ.
3. ಶ್ರೀಮತಿ ರುಕ್ಮವ್ವ, ಹೆಬ್ಬಳ್ಳಿ, ಇವರಿಗೆ: ವೇತನ ಪ್ರತಿ ತಿಂಗಳು ಜಮಾ ಆಗುತ್ತಿರುತ್ತದೆ. ಹತ್ತನೇ ಬಾರಿ ಬರುವ ಅಗತ್ಯವಿರುವುದಿಲ್ಲ.