ಹಳೇಹೊಂಡದ ಬೆಳಗಿನ ತಾಲೀಮು

ಕಲೆಯ ಸಹಾಯವಿಲ್ಲದೆ ಯಾರೂ ತಮ್ಮ ಮನಸ್ಸನ್ನು ಬದಲಾಯಿಸತಕ್ಕದ್ದಲ್ಲ ಎಂಬ ಠರಾವು ಹಳೇಹೊಂಡ ಗ್ರಾಮದಲ್ಲಿ 2003ನೇ ಇಸವಿಯ ಜೂನ್ ತಿಂಗಳಲ್ಲಿ ಸರ್ವಾನುಮತದಿಂದ ಪಾಸಾಯಿತು. ಹುಬ್ಬಳ್ಳಿಯಿಂದ ಗಬ್ಬೂರ ದಾಟಿ, ಬೈಪಾಸಿನ ಆಚೆ ಇರುವ ಇನ್ನೂರು ಮನೆಗಳ ಊರು ಅದು. ಅಲ್ಲಿಗೆ ‘ಜನರೇ ಮುಂದಾಗಿ ನಡೆಸುವ ನೀರು ಮತ್ತು ನೈರ್ಮಲ್ಯ ಕಲಾ ಅಭಿಯಾನ’ ಬಂದಿತ್ತು. ಹೆಸರು ಉದ್ದವಾಗಿದ್ದರಿಂದ ಅರ್ಧ ಕನ್ನಡ ಸಾಲಿಯ ಗೋಡೆಗೆ, ಉಳಿದರ್ಧ ಡೇರಿಯ ಗೋಡೆಗೆ ಬರೆಸಿದ್ದರು. ಪೂರ್ತಿ ಓದಬೇಕೆನ್ನುವವರು ನಡುವಿನ ಗಟಾರ ಜಿಗಿಯಬೇಕಿತ್ತು.

ಅಭಿಯಾನದ ನಿಯಮ ಸರಳವಾಗಿತ್ತು. ಮೊದಲು ನಾಟಕ, ಆಮೇಲೆ ಸಂಡಾಸ. ನಾಟಕ ನೋಡಿ ಮನಸ್ಸು ಬದಲಾದವರಿಗೆ ಮಾತ್ರ ಸಂಡಾಸ ಕಟ್ಟಿಸಿಕೊಡಬೇಕು. ಮನಸ್ಸು ಬದಲಾಗದವರಿಗೆ ಕಟ್ಟಿಸಿಕೊಟ್ಟರೆ ಅವರು ಅದರೊಳಗೆ ಕುಳ್ಳು ಒಟ್ಟುತ್ತಾರೆ ಎಂಬುದನ್ನು ಮೇಲಿನವರು ಯಾವುದೋ ದೇಶಕ್ಕೆ ಹೋಗಿ ಕಂಡುಹಿಡಿದು ಬಂದಿದ್ದರು.

ಈ ನಿಯಮಕ್ಕೆ ಎಲ್ಲರಿಗಿಂತ ಮೊದಲು ಅಡ್ಡ ಬಂದವಳು ದುರಗವ್ವ. ಹುಬ್ಬಳ್ಳಿಯ ಸಂತೆಯಲ್ಲಿ ಸೊಪ್ಪು ಮಾರುವ ಒಂಟಿ ಹೆಣ್ಣುಮಗಳು, ವಯಸ್ಸು ಅರವತ್ತರ ಹತ್ತಿರ. ಎರಡು ವರ್ಷದಿಂದ ಅವಳ ಬಲಮೊಣಕಾಲು ಮಡಚಿದರೆ ಬಿಚ್ಚುತ್ತಿರಲಿಲ್ಲ, ಬಿಚ್ಚಿದರೆ ಮಡಚುತ್ತಿರಲಿಲ್ಲ. ನೀರಿನ ಚರಗಿ ತಗೊಂಡು ಹೊಲದ ಕಡೆ ಹೋಗುವುದೆಂದರೆ ಅರ್ಧ ಮೈಲಿ ದಾರಿ. ಅಲ್ಲಿ ಕೂತಮೇಲೆ ಎಬ್ಬಿಸಲಿಕ್ಕೆ ನೆರೆಮನೆಯ ರೆಹಮತ್‌ಬಿ ಬೇಕು. ರೆಹಮತ್‌ಬಿ ಮಗಳ ಮನೆಗೆ ಹೋದ ದಿನ ದುರಗವ್ವ ಉಣ್ಣುತ್ತಲೇ ಇರಲಿಲ್ಲ. ‘ಇನ್ನ ಕೆಳಗ ಕೂಡಬ್ಯಾಡಬೇ, ಮನ್ಯಾಗ ಎತ್ತರದ್ದ ಒಂದ ಕಟ್ಟಿಸ್ಕೋ’ ಅಂತ ಸತ್ತೂರಿನ ದವಾಖಾನೆಯ ಡಾಕ್ಟರು ಹೇಳಿ ಕಳಿಸಿದ್ದರು.

ಹಾಗಾಗಿ ಅವಳು ಅರ್ಜಿ ಹಿಡಿದು ಅಭಿಯಾನದ ಗ್ರಾಮ ಪ್ರೇರಕ ಗುರುಪಾದನ ಮುಂದೆ ನಿಂತಳು. ಗುರುಪಾದ ಪ್ರಾಮಾಣಿಕ ಹುಡುಗ. ಫಾರ್ಮಿನಲ್ಲಿ ಇಲ್ಲದ್ದನ್ನು ಕನಸಿನಲ್ಲೂ ಕಾಣುತ್ತಿರಲಿಲ್ಲ.

“ನಿಮ್ಮ ಮನಸ್ಸು ಯಾವಾಗ ಬದಲಾತ್ರಿ, ಅವ್ವಾರ?”

“ಎರಡ ವರ್ಷ ಆತಪಾ.”

“ಎರಡ ವರ್ಷದ ಹಿಂದ ನಾಟಕ ಇರಲಿಲ್ಲಲ್ರಿ?”

“ಮೊಣಕಾಲ ಇತ್ತಲ್ಲ.”

ಗುರುಪಾದ ಫಾರ್ಮನ್ನು ಹಿಂದೆ ಮುಂದೆ ತಿರುವಿದ. ‘ಬದಲಾವಣೆಗೆ ಕಾರಣ’ ಎಂಬಲ್ಲಿ ನಾಟಕ, ಗೋಡೆಚಿತ್ರ, ಹಾಡು ಎಂದು ಮೂರೇ ಇದ್ದವು. “ಮೊಣಕಾಲಿಗೆ ಇಲ್ಲಿ ಜಾಗಾ ಇಲ್ರಿ.”

“ಹಾಡು ಅಂತ ಬರಕೋ. ದಿನಾ ಏಳುಮುಂದ ಹಾಡಿಕೋತನ ಏಳ್ತೇನಿ.”

“ಸುಳ್ಳ ಬರ್ಯಾಕ ಬರಂಗಿಲ್ರಿ. ಇದು ಜನರ ಅಭಿಯಾನ.”

ವಿಷಯ ಸಮಿತಿಯ ಮುಂದೆ ಹೋಯಿತು. ಹತ್ತಿ ವ್ಯಾಪಾರಿ ಬಸಣ್ಣ ಸಮಿತಿಯ ಅಧ್ಯಕ್ಷ. ಎರಡು ತಾಸು ಚರ್ಚೆ ಮಾಡಿ ಸಮಿತಿಯು, ದುರಗವ್ವನ ಮನಸ್ಸು ಅವಧಿಗೆ ಮುಂಚೆ ಅನಧಿಕೃತವಾಗಿ ಬದಲಾಗಿದೆ, ಸದರಿಯವಳು ಮನಸ್ಸನ್ನು ಮೊದಲಿನ ಸ್ಥಿತಿಗೆ ತಂದುಕೊಂಡು ನಾಟಕದ ಮುಂದೆ ಹಾಜರಾಗತಕ್ಕದ್ದು ಎಂದು ತೀರ್ಮಾನಿಸಿತು.

“ಮೊದಲಿನ ಸ್ಥಿತಿ ಅಂದ್ರ ಹೆಂಗರಿ ಅಣ್ಣಾರ?” ಅಂದಳು ದುರಗವ್ವ.

“ಒಂದ ಹದಿನೈದ ದಿನ ಖುಷಿಲೆ ಹೋಗಿ ಬಾ,” ಅಂದ ಬಸಣ್ಣ. “ಯಾರರ ಕೇಳಿದ್ರ, ಹೊಲದಾಗ ಗಾಳಿ ಛಲೋ ಬರ್ತೈತಿ ಅನ್ನು.”

ದುರಗವ್ವ ಹದಿನೈದು ದಿನ ಖುಷಿಯಿಂದ ಹೋಗಿಬಂದಳು. ಖುಷಿಯನ್ನು ರೆಹಮತ್‌ಬಿ ಹೆಬ್ಬೆಟ್ಟು ಒತ್ತಿ ದೃಢೀಕರಿಸಿದಳು.

ನಾಟಕದ ಮಾಸ್ತರ ಫಕ್ರುಸಾಬ. ನಾಟಕ ಕಂಪನಿಗಳಲ್ಲಿ ನಲವತ್ತು ವರ್ಷ ಪರದೆ ಬರೆದು, ಪಾರ್ಟು ಕಲಿಸಿ, ಕಂಪನಿ ಮುಳುಗಿದಾಗ ಪಗಾರದ ಬದಲು ಎರಡು ಪರದೆ ಹೊತ್ತುಕೊಂಡು ಬಂದವನು. ಒಂದು ಕಾಡಿನ ಪರದೆ, ಒಂದು ದರ್ಬಾರಿನ ಪರದೆ. ಆದ್ದರಿಂದ ನಾಟಕದಲ್ಲಿ ಹೆಣ್ಣುಮಗಳು ಚರಗಿ ಹಿಡಿದು ಕಾಡಿಗೆ ಹೋಗುತ್ತಿದ್ದಳು, ಸಂಡಾಸ ದರ್ಬಾರಿನಲ್ಲಿರುತ್ತಿತ್ತು. ಎಡಬಲಕ್ಕೆ ಎಂಟೆಂಟು ಕಂಬ, ಮೇಲೆ ಗಾಜಿನ ದೀಪಗಳ ಝುಂಬರ, ನಡುವೆ ಬಿಳಿ ಚೀನಿಮಣ್ಣಿನ ಭಾಂಡೆ. ಅದರ ಮುಂದೆ ನೊಣಾಸುರನೆಂಬ ರಾಕ್ಷಸ ಸೋತು ಬೀಳುತ್ತಿದ್ದ.

ಮೊದಲ ಪ್ರದರ್ಶನದಲ್ಲಿ ಅಧ್ಯಕ್ಷರಾದ ಕಾರಣ ಬಸಣ್ಣ ಎಲ್ಲರಿಗಿಂತ ಮೊದಲು ಅತ್ತ. ಅವನಿಗೆ ಸಂಡಾಸ ಮಂಜೂರಾಯಿತು. ದುರಗವ್ವ ಮಾತ್ರ ಝುಂಬರ ನೋಡಿ ನಕ್ಕುಬಿಟ್ಟಳು. ‘ನಕ್ಕರು, ಬದಲಾವಣೆ ಸೊನ್ನೆ’ ಎಂದು ಗುರುಪಾದ ಬರೆದುಕೊಂಡ. ಎರಡನೆಯ ಸಲ ಅವಳು ಹಾರ್ಮೋನಿಯಂ ಪೇಟಿ ಬಾರಿಸುವವನು ಬರುವುದಕ್ಕಿಂತ ಮೊದಲೇ ಅಳುತ್ತ ಕೂತಳು. ನಾಟಕ ಆರಂಭವಾಗುವ ಮುನ್ನ ಸುರಿಸಿದ ಕಣ್ಣೀರು ಪರಿಗಣನೆಗೆ ಬರುವುದಿಲ್ಲವೆಂದು ತಿಳಿಸಲಾಯಿತು.

ಮೂರನೆಯ ಸಲ ಅವಳಿಗೆ ತಡೆಯಲಾಗಲಿಲ್ಲ. ಹೆಣ್ಣಿನ ಪಾರ್ಟು ಮಾಡುತ್ತಿದ್ದ ಗರಗದ ಕಲ್ಲೇಶ ಸೀರೆ ಉಟ್ಟುಕೊಂಡು, ಕಾಲು ನೋಯುವವಳಂತೆ ಕಪ್ಪೆ ಜಿಗಿದ ಹಾಗೆ ಜಿಗಿಯುತ್ತಿದ್ದ. ದುರಗವ್ವ ಎದ್ದೇಬಿಟ್ಟಳು.

“ಏ ತಮ್ಮಾ, ಅದು ಮೊಣಕಾಲೋ, ಮಲ್ಲಕಂಬೋ? ಚರಗಿ ಕೊಡ ಇಲ್ಲೆ.”

ಚರಗಿ ಇಸಕೊಂಡು ಅವಳು ಕಾಡಿನ ಪರದೆಯ ಮುಂದೆ ಹತ್ತು ಹೆಜ್ಜೆ ನಡೆದಳು. ಕೂಡಲಿಕ್ಕೆ ಹೋಗಿ, ಅರ್ಧಕ್ಕೆ ನಿಂತು, ಹಲ್ಲು ಕಚ್ಚಿ, ಯಾರಾದರೂ ಕೈ ಕೊಡುತ್ತಾರೇನೋ ಎಂದು ಸುತ್ತ ನೋಡಿದಳು. ಊರಿಗೆ ಊರೇ ಅತ್ತಿತು. ಅವತ್ತೊಂದೇ ಸಂಜೆ ಅರವತ್ನಾಲ್ಕು ಮಂದಿಯ ಮನಸ್ಸು ಬದಲಾಯಿತು.

ಫಕ್ರುಸಾಬ ಪರದೆಯ ಹಿಂದಿನಿಂದ ಬಂದು ಸಲಾಮು ಹೊಡೆದ. “ನಲವತ್ತ ವರ್ಷ ಪಾರ್ಟ ಕಲಿಸೇನಿ ತಾಯಿ, ಇಂಥಾ ಕುಂಟ ನಡಿಗಿ ಕಂಡಿಲ್ಲ. ಇನ್ನ ಮ್ಯಾಲ ಈ ಪಾರ್ಟ ನಿಂದ.”

“ಪಾರ್ಟ ಮಾಡಿದ್ರ ಸಂಡಾಸ ಆಕ್ಕೈತೇನ್ರಿ?”

“ಊರ ಮನಸ್ಸ ಬದಲಾದ ಮ್ಯಾಲ ನಿಂದ ಬಿಡತಾರೇನು?”

ಆ ಮಾತು ನಂಬಿ ದುರಗವ್ವ ವಾರಕ್ಕೆ ಮೂರು ಸಲ ಕುಂಟಿದಳು. ದೀಪಾವಳಿಯ ಹೊತ್ತಿಗೆ ನೂರಾ ತೊಂಬತ್ತೊಂಬತ್ತು ಮನೆಗಳಿಗೆ ಸಂಡಾಸ ಎದ್ದು ನಿಂತವು. ಉಳಿದ ಇನ್ನೂರನೆಯ ಮನೆ ಅವಳದು. ಹದಿನೇಳನೇ ನಿಯಮದ ಪ್ರಕಾರ ಕಲಾವಿದರು ಫಲಾನುಭವಿಗಳಾಗುವಂತಿರಲಿಲ್ಲ.

“ಹಂಗಾರ ಪಾರ್ಟ ಬಿಡ್ತೇನಿ,” ಅಂದಳು.

“ಕ್ಯಾಂಪು ನಡದಾಗ ಮುಖ್ಯ ಪಾರ್ಟ ಬದಲಿಸೂದು ಕಂಪನಿ ರಿವಾಜಿನಾಗ ಇಲ್ಲ,” ಅಂದ ಫಕ್ರುಸಾಬ. “ಮ್ಯಾಲ, ನಿನಗ ಸಂಡಾಸ ಕೊಟ್ರ ಕಾಲಿಗೆ ಆರಾಮ ಸಿಗ್ತೈತಿ. ಕಾಲ ಆರಾಮಾದ್ರ ಕುಂಟ ಹೋತು. ಕುಂಟ ಹೋದ್ರ ಮಂದಿ ಅಳೂದಿಲ್ಲ.”

ಇದರಲ್ಲಿ ತಪ್ಪು ಹುಡುಕಲು ಸಮಿತಿಗೆ ಆಗಲಿಲ್ಲ.

ಒಂದೇ ಒಂದು ತೊಡಕು ಉಳಿಯಿತು. ಊರು ಬಯಲು ಶೌಚಮುಕ್ತವೆಂದು ಘೋಷಿಸಬೇಕು, ದುರಗವ್ವ ನೋಡಿದರೆ ದಿನಾ ಬೆಳಿಗ್ಗೆ ಚರಗಿ ಹಿಡಿದು ಹೊರಡುತ್ತಾಳೆ. ಗುರುಪಾದ ಮೂರು ದಿನ ನಿದ್ದೆಗೆಟ್ಟು ದಾರಿ ಹುಡುಕಿದ. ಚರಗಿ ಹಿಡಿದು ಹೋಗುವ ಪಾರ್ಟಿನವಳು ಚರಗಿ ಹಿಡಿದು ಹೋದರೆ ಅದು ತಾಲೀಮು. ಹೊಲದ ದಾರಿಗೆ ಬೋರ್ಡು ಬಿತ್ತು:

‘ಪ್ರಕಟಣೆ. ಇಲ್ಲಿ ಕಲಾವಿದರ ತಾಲೀಮು ನಡೆದಿರುತ್ತದೆ. ಸಾರ್ವಜನಿಕರು ಕೆಮ್ಮಿ ಬರತಕ್ಕದ್ದು.’

ಬೋರ್ಡು ಬಿದ್ದ ಮರುದಿನ ರೆಹಮತ್‌ಬಿ ಎಬ್ಬಿಸುವ ಪಾರ್ಟಿಗೆ ಹೆಸರು ಹಚ್ಚಿದಳು. ಅದರ ಮರುದಿನ ಬಸಣ್ಣನೇ ಬಂದ. ಫಲಾನುಭವಿಗಳು ಕಲಾವಿದರಾಗಬಾರದೆಂಬ ನಿಯಮ ಎಲ್ಲೂ ಇರಲಿಲ್ಲ. ಅವನ ಸಂಡಾಸದಲ್ಲಿ ಹತ್ತಿಕಾಳಿನ ಚೀಲ ಛಾವಣಿಯ ತನಕ ಇದ್ದವು. ಉಳಿದವರ ತೊಂದರೆ ಬೇರೆ. ಊರಿನ ನಳಕ್ಕೆ ಎಂಟು ದಿನಕ್ಕೊಮ್ಮೆ ನೀರು ಬರುತ್ತಿತ್ತು. ಹೊಲಕ್ಕೆ ಒಂದು ಚರಗಿ ಸಾಕು, ಸಂಡಾಸಕ್ಕೆ ಒಂದು ಬಕೀಟು ಬೇಕು. ಜನ ಲೆಕ್ಕ ಹಾಕಿ ಕಲೆಯ ಕಡೆ ವಾಲಿದರು. ಸಂಕ್ರಾಂತಿಯ ಹೊತ್ತಿಗೆ ಹಳೇಹೊಂಡದಲ್ಲಿ ಒಂಬೈನೂರಾ ಹನ್ನೆರಡು ಕಲಾವಿದರಿದ್ದರು. ಗಂಡುಪಾತ್ರಗಳು ಹಳ್ಳದ ಕಡೆ, ಹೆಣ್ಣುಪಾತ್ರಗಳು ಹೊಲದ ಕಡೆ ಎಂದು ಸಮಿತಿ ಶಿಸ್ತು ಮಾಡಿತು.

ಫೆಬ್ರುವರಿಯಲ್ಲಿ ಮೌಲ್ಯಮಾಪನದ ಸಾಹೇಬರು ಬಂದು ಬಸಣ್ಣನ ಮನೆಯಲ್ಲಿ ವಸ್ತಿ ಮಾಡಿದರು. ಬೆಳಿಗ್ಗೆ ಎದ್ದು ಹಿತ್ತಲಿಗೆ ಹೋದರು, ಸಂಡಾಸದ ಬಾಗಿಲು ತೆಗೆದರು, ಹತ್ತಿಕಾಳಿನ ಚೀಲಗಳನ್ನು ಸ್ವಲ್ಪ ಹೊತ್ತು ನೋಡಿದರು, ಬಾಗಿಲು ಹಾಕಿ ಅಂಗಳಕ್ಕೆ ಬಂದರು. ಓಣಿಯ ತುಂಬ ಜನ ಚರಗಿ ಹಿಡಿದು ಸಾಗುತ್ತಿದ್ದರು.

“ಇಷ್ಟ ಮಂದಿ ಎಲ್ಲಿಗೆ ಹೊಂಟಾರ?”

“ತಾಲೀಮಿಗೆ ಸರ್,” ಅಂದ ಗುರುಪಾದ.

“ದಿನಾಲೂ?”

“ದಿನಾಲೂ ಸರ್. ಮದವಿ ಊಟ ಇದ್ದಾಗ ಎರಡೆರಡ ಸಲಾ ಮಾಡ್ತಾರ್ರಿ.”

ಸಾಹೇಬರು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದರು. “ಹೊರಗಿನವ್ರಿಗೆ ಅವಕಾಶ ಐತೇನು?”

“ಅತಿಥಿ ಕಲಾವಿದರು ಅಂತ ಐತ್ರಿ. ಇಲ್ಲೊಂದ ಸಹಿ ಮಾಡ್ರಿ.”

ಸಾಹೇಬರು ಓದದೆ ಸಹಿ ಮಾಡಿದರು. ಆ ದಾರಿಯಲ್ಲೇ ಬಂದ ದುರಗವ್ವ ತನ್ನ ಚರಗಿಯನ್ನು ಅವರ ಮುಂದೆ ಹಿಡಿದಳು, ಆದರೆ ಕೈ ಬಿಡಲಿಲ್ಲ.

“ಸಾಹೇಬ್ರ, ಊರಾಗ ಎಲ್ಲಾರಿಗೂ ಆದವು. ಕುಂಟಿ ಕುಂಟಿ ಮಾಡಿಸಿದಾಕಿ ನಾನು. ನನ್ನದೊಂದ ಸಂಡಾಸ ಬರಕೋರಿ. ಕೂತ್ರ ಏಳಾಕ ಬರವಲ್ದು.”

ಸಾಹೇಬರು ಚರಗಿಯನ್ನು ತಮ್ಮ ಕಡೆ ಎಳೆದುಕೊಂಡರು. “ಅವ್ವಾ, ನಿನ್ನಂಥಾ ಕಲಾವಿದೆ ನಾಲ್ಕ ಗ್ವಾಡಿ ಒಳಗ ಕೂಡಬಾರದು,” ಎಂದು ಹೇಳಿ, ಗಂಡುಪಾತ್ರಗಳ ದಾರಿ ಹಿಡಿದು ಬಿರಬಿರನೆ ಹೋದರು.

ವರದಿ ಮಾರ್ಚಿನಲ್ಲಿ ಬಂತು. ಬಯಲಿಗೆ ಹೋಗುವವರು ಯಾರೂ ಇಲ್ಲ, ಕಲಾವಿದರು ಅತಿಥಿ ಸೇರಿ ಒಂಬೈನೂರಾ ಹದಿಮೂರು, ಇಂಥ ಗ್ರಾಮ ಜಿಲ್ಲೆಯಲ್ಲಿ ಇನ್ನೊಂದಿಲ್ಲ. ಕೊನೆಯ ಸಾಲಿನಲ್ಲಿ, ಪ್ರಧಾನ ಕಲಾವಿದೆಯ ಬಲಮೊಣಕಾಲು ಅಭಿಯಾನದ ಸ್ವತ್ತಾಗಿರುವುದರಿಂದ ಸಮಿತಿಯ ಪೂರ್ವಾನುಮತಿ ಇಲ್ಲದೆ ಅದಕ್ಕೆ ಚಿಕಿತ್ಸೆ ಮಾಡಿಸತಕ್ಕದ್ದಲ್ಲ ಎಂದು ಬರೆದಿತ್ತು. ಸಾಲಿಯ ಅಂಗಳದಲ್ಲಿ ಸತ್ಕಾರವಾಯಿತು. ಬಸಣ್ಣ ಅವಳಿಗೆ ಶಾಲು ಹೊದಿಸಿ, ಕಲೆಗೆ ಸಾವಿಲ್ಲ ಎಂಬ ವಿಷಯವಾಗಿ ಮುಕ್ಕಾಲು ತಾಸು ಮಾತಾಡಿದ. ಅರ್ಧ ಭಾಷಣಕ್ಕೆ ದುರಗವ್ವ ವೇದಿಕೆಯ ಕೆಳಗೆ ಕೂತ ರೆಹಮತ್‌ಬಿಯನ್ನು ಕಣ್ಣಲ್ಲೇ ಕರೆದಳು, ಹೊದಿಸಿದ ಶಾಲನ್ನು ನಾಲ್ಕು ಮಡಿಕೆ ಮಾಡಿ ಮೊಣಕಾಲಿಗೆ ಬಿಗಿಯಾಗಿ ಸುತ್ತಿಕೊಂಡಳು, ಕೈ ಕೊಡಿಸಿಕೊಂಡು ಎದ್ದಳು.

“ಲಗೂ ನಡಿಯವಾ,” ಅಂದಳು. “ಇವತ್ತ ಪಾರ್ಟ ಭಾಳ ಅವಸರದಾಗ ಐತಿ.”

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿ ದಾರಿ ಬಿಟ್ಟಿತು.