ಮೆಟ್ಟಿಲ ಮೇಲಿನವರ ಒಪ್ಪಿಗೆ

ಮೊದಲಿಗೇ ಕ್ಷಮೆ ಕೇಳಿಬಿಡುತ್ತೇನೆ. ಕತೆ ಹೇಳುವುದು ನನ್ನ ಕಸುಬಲ್ಲ. ಸಂಜೆ ತರಗತಿಯಲ್ಲಿ ಕಲಿತ ಅಷ್ಟಿಷ್ಟನ್ನು ನೆಚ್ಚಿಕೊಂಡು ಹೊರಟಿದ್ದೇನೆ. ಎಲ್ಲಿಯಾದರೂ ಹೆಚ್ಚುಕಮ್ಮಿಯಾದರೆ ತಪ್ಪು ನನ್ನದು, ಕತೆಯೊಳಗಿನವನದಲ್ಲ. ಆ ಪಾಪದವನು ಆಗಲೇ ಸಾಕಷ್ಟು ಅನುಭವಿಸಿದ್ದಾನೆ.

ಅವನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವವನು. ಯಾವ ಮಾತನ್ನಾಡಿದರೂ ಕೊನೆಗೊಂದು "ಆದ್ರೂ..." ಅಂಟಿಸುವ ಚಟ. "ಬಾಗಿಲಿಗೆ ಬೀಗ ಹಾಕಿದೀನಿ, ಆದ್ರೂ..." ಎಂದು ಅರ್ಧ ದಾರಿಯಿಂದ ವಾಪಸು ಬರುವ ಪೈಕಿ. ಹೀಗಾಗಿ ಕಟ್ಟಡದವರೆಲ್ಲ ಅವನನ್ನು ಆದ್ರೂ ಎಂದೇ ಕರೆಯುತ್ತಿದ್ದರು.

ಈ ಆದ್ರೂ ನಡುವಯಸ್ಸಿನಲ್ಲಿ ಸಂಜೆಯ ಬರವಣಿಗೆ ತರಗತಿಗೆ ಸೇರಿದ. ಆಸೆ ಒಂದೇ: ತಾನು ಬರೆದದ್ದು ಎಲ್ಲಾದರೂ ಪ್ರಕಟವಾಗಬೇಕು, ಅದರ ಕೆಳಗೆ ತನ್ನ ಹೆಸರಿರಬೇಕು. ಕೋರ್ಸಿನ ಕೊನೆಗೆ ವಿದ್ಯಾರ್ಥಿಗಳ ಬರಹಗಳನ್ನು ತರಗತಿಯ ಜಾಲತಾಣದಲ್ಲಿ ಹಾಕುತ್ತೇವೆಂದು ಮೇಡಂ ಹೇಳಿದಾಗ ಅವನ ಎದೆ ಹೊಸ ಚಪ್ಪಲಿಯಂತೆ ಕಿರುಗುಟ್ಟಿತು.

"ನೋಡಿ, ಆನ್‌ಲೈನಲ್ಲಿ ಹಾಕೋದು ಅಂದ್ರೆ ಬೀದೀಲಿ ನಿಂತು ಕೂಗಿದ ಹಾಗೆ," ಎಂದರು ಮೇಡಂ. "ಬೇರೆಯವರದ್ದನ್ನ ಕದ್ದು ನಮ್ದು ಅನ್ನಬಾರದು. ಗುರುತು ಸಿಗೋ ಹಾಗೆ ಯಾರ ಬಗ್ಗೆನಾದ್ರೂ ಬರೆದಿದ್ರೆ ಅವರ ಒಪ್ಪಿಗೆ ತಗೊಳ್ಳಿ. ಮುಂದಿನ ತರಗತಿಯೇ ಕೊನೇದು. ಆಮೇಲೆ ಬಂದ್ರೆ ನಾನಿಲ್ಲ."

ಉಳಿದವರು ಜಾಣರು. ಒಬ್ಬ ಚಂದ್ರನ ಬಗ್ಗೆ ಬರೆದ, ಇನ್ನೊಬ್ಬಳು ಸಮುದ್ರದ ಬಗ್ಗೆ ಬರೆದಳು. ಇವೆರಡೂ ತಕರಾರು ಮಾಡುವ ಪೈಕಿ ಅಲ್ಲ. ನಮ್ಮ ಆದ್ರೂ ಮಾತ್ರ ತಾನಿರುವ ಕಟ್ಟಡದ ಮೆಟ್ಟಿಲುಗಳ ಬಗ್ಗೆ, ಅವನ್ನು ಹತ್ತಿ ಇಳಿಯುವವರ ಬಗ್ಗೆ ಬರೆದ. ಯಾರಿಗೂ ತೋರಿಸಲಿಲ್ಲ. ಚೆನ್ನಾಗಿದೆ ಅಂತ ತನಗೇ ಅನ್ನಿಸಿತ್ತು, ಆದರೂ...

ಕೊನೆಯ ತರಗತಿಯ ದಿನ ಬೆಳಿಗ್ಗೆ ಒಪ್ಪಿಗೆಯ ಕೆಲಸ ಮನೆಯಿಂದಲೇ ಶುರುವಾಯಿತು.

"ಪೂರ್ತಿ ಓದೋಕೆ ನಂಗೆಲ್ಲಿ ಪುರುಸೊತ್ತು?" ಎಂದಳು ಹೆಂಡತಿ. "ನನ್ ಬಗ್ಗೆ ಏನಿದೆ, ಅಷ್ಟು ಹೇಳಿ."

ಅವನು ಗಂಟಲು ಸರಿಮಾಡಿಕೊಂಡು ಓದಿದ: "ನನ್ನ ಹೆಂಡತಿ ತರಕಾರಿ ಚೀಲವನ್ನು ನನ್ನ ಕೈಗೆ ಕೊಟ್ಟು, ಮೆಟ್ಟಿಲು ಹತ್ತುವಾಗ ನನಗಿಂತ ಮೊದಲು 'ಅಯ್ಯೋ, ಸುಸ್ತು' ಎನ್ನುತ್ತಾಳೆ."

ಹೆಂಡತಿ ಫೋನು ಕಿತ್ತುಕೊಂಡು ಆ ಸಾಲನ್ನು ತಾನೇ ಅಳಿಸಿ ವಾಪಸು ಕೊಟ್ಟಳು. "ಈಗ ನನ್ನ ಒಪ್ಪಿಗೆ ಇದೆ. ಚೀಲ ಅಲ್ಲಿದೆ, ಬರುವಾಗ ತರಕಾರಿ ತನ್ನಿ."

ಕೆಳಗಿನ ಮಹಡಿಯಲ್ಲಿ ರೈಲಿನ ನಿವೃತ್ತ ಟಿಕೆಟ್ ತಪಾಸಕರಿದ್ದರು. ಅವರ ಬಗ್ಗೆ ಇದ್ದ ಸಾಲು ಇಷ್ಟೇ: "ಮೆಟ್ಟಿಲ ಮೇಲೆ ಎದುರಾದವರನ್ನೆಲ್ಲ ಅವರು ಟಿಕೆಟ್ ಇಲ್ಲದೆ ಹತ್ತಿದವರಂತೆ ನೋಡುತ್ತಾರೆ."

"ನಾನು ಹಾಗೆ ನೋಡ್ತೀನೇನಯ್ಯಾ?" ಎಂದು ಅವರು ಹಾಗೆಯೇ ನೋಡುತ್ತ ಕೇಳಿದರು.

"ಇಲ್ಲ ಸಾರ್. ಆದ್ರೂ..."

"ಇರ್ಲಿ, ಇರ್ಲಿ. ಬೇರೆಯವರದ್ದೇನು ಬರ್ದಿದೀಯ?" ಎಂದು ಮುಂದಕ್ಕೆ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಒಬ್ಬೊಬ್ಬರ ಮನೆಗೂ ಯಾಕೆ ಅಲೀತೀಯ? ನಮ್ ಕಟ್ಟಡದ ವಾಟ್ಸಾಪ್ ಗುಂಪಿದೆಯಲ್ಲ, ಅದರಲ್ಲಿ ಹಾಕು. ಮನೆಗೊಬ್ಬರು ಇದಾರೆ. ಎಲ್ಲರೂ ಒಟ್ಟಿಗೆ ನೋಡ್ತಾರೆ."

ಹಿರಿಯರು ಹೇಳಿದರೆಂದು ಆದ್ರೂ ಅಲ್ಲೇ ನಿಂತು ಬರಹವನ್ನು ಗುಂಪಿಗೆ ಹಾಕಿದ. ಕೆಳಗೆ ತನ್ನ ಹೆಸರನ್ನೂ ಹಾಕಿದ. ಹೆಸರನ್ನು ಒಮ್ಮೆ ಓದಿಕೊಂಡ. ಚೆನ್ನಾಗಿ ಕಂಡಿತು.

ಚಪ್ಪಲಿ ಮೆಟ್ಟಿಕೊಳ್ಳುವಷ್ಟರಲ್ಲಿ ಮೇಲಿನಿಂದ ಕೂಗು ಬಂತು. "ಏನಪ್ಪಾ ಆದ್ರೂ! ಸ್ವಲ್ಪ ಇಲ್ಲಿ ಬಾ!"

ಎರಡನೇ ಮಹಡಿಯ ದೊಡ್ಡಮ್ಮ ಎಲ್ಲರಿಗೂ ದೊಡ್ಡಮ್ಮ. ಅವರ ಬಗ್ಗೆ ಹೀಗೆ ಬರೆದಿದ್ದ: "ಎರಡನೇ ಮಹಡಿಯ ಬಾಗಿಲು ಪೂರ್ತಿ ತೆರೆದಿರುವುದೂ ಇಲ್ಲ, ಪೂರ್ತಿ ಮುಚ್ಚಿರುವುದೂ ಇಲ್ಲ. ಒಂದು ಕಣ್ಣಿಗೆ ಎಷ್ಟು ಬೇಕೋ ಅಷ್ಟು ತೆರೆದಿರುತ್ತದೆ." ಈಗ ಆ ಸಂದಿಯಲ್ಲಿ ಕಣ್ಣು ಕೆಂಡವಾಗಿತ್ತು.

"ನಾನೇನು ಕದ್ದು ನೋಡ್ತೀನಾ? ಗಾಳಿ ಬರ್ಲಿ ಅಂತ ತೆಗೆದಿರ್ತೀನಿ!"

"ನಿಮ್ಮ ಹೆಸರು ಹಾಕಿಲ್ಲ ದೊಡ್ಡಮ್ಮ. ಆದ್ರೂ..."

"ನಿನ್ನ ಹೆಸರಿದೆಯಲ್ಲ! ನಿನ್ನ ಹೆಸರಿದ್ರೆ ಯಾವ ಕಟ್ಟಡ ಅಂತ ಗೊತ್ತಾಗಲ್ವಾ? ಕಟ್ಟಡ ಗೊತ್ತಾದ್ರೆ ಬಾಗಿಲು ಗೊತ್ತಾಗಲ್ವಾ?"

ಅಷ್ಟರಲ್ಲಿ ಮೇಲಿನ ಮಹಡಿಯ ವ್ಯಾಯಾಮದ ಮೇಷ್ಟ್ರು ದಡದಡ ಇಳಿದು ಬಂದರು. "ಊರಿಗೆಲ್ಲ ವ್ಯಾಯಾಮ ಹೇಳಿಕೊಡುವವರು ಒಂದೊಂದು ಮಹಡಿಯಲ್ಲೂ ನಿಂತು, ಫೋನು ನೋಡುವ ನೆಪದಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ" ಎಂಬ ಸಾಲು ಅವರನ್ನು ಚುಚ್ಚಿತ್ತು.

"ಇದನ್ನ ಯಾರಾದ್ರೂ ಓದಿದ್ರೆ ನನ್ ಹತ್ರ ಯಾರ್ರೀ ಬರ್ತಾರೆ ಕಲಿಯೋಕೆ?" ಎಂದು ಕೂಗಿದರು. ಇಳಿದು ಬಂದಿದ್ದಕ್ಕೇ ಏದುಸಿರು. ಫೋನು ತೆಗೆದು ನೋಡತೊಡಗಿದರು.

ದೊಡ್ಡಮ್ಮ ಕಿಸಕ್ಕನೆ ನಕ್ಕರು. "ಅದು ಮಾತ್ರ ಸರಿಯಾಗಿ ಬರ್ದಿದೀಯಪ್ಪ."

"ಬಾಗಿಲಿನದ್ದೂ ಅಷ್ಟೇ ಸರಿಯಾಗಿದೆ," ಎಂದರು ಮೇಷ್ಟ್ರು.

"ಟಿಕೆಟಿನದ್ದು?" ಎಂದು ಇಬ್ಬರೂ ಒಟ್ಟಿಗೆ ನೆನಪಿಸಿಕೊಂಡು ನಕ್ಕರು. ಕೆಳಗಿನಿಂದ ಹತ್ತಿ ಬಂದ ತಪಾಸಕರ ಮುಖ ಆಗ ಬಿಗಿದುಕೊಂಡಿತು. ತಮ್ಮ ಸಾಲಿಗೆ ಬೇರೆಯವರು ನಗುತ್ತಾರೆಂಬುದು ಅವರಿಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಮೆಟ್ಟಿಲ ಮೇಲೆಯೇ ಸಭೆ ಸೇರಿತು. ಬೇರೆಯವರ ಸಾಲು ಇರಲಿ, ತಮ್ಮ ಸಾಲು ಹೋಗಲಿ ಎಂಬುದು ಪ್ರತಿಯೊಬ್ಬರ ಅಭಿಪ್ರಾಯ. ಲೆಕ್ಕ ಹಾಕಿದರೆ ಎಲ್ಲ ಸಾಲೂ ಹೋಗಬೇಕಾಯಿತು.

"ನಮ್ಮೆದುರಿಗೇ ಅಳಿಸು," ಎಂದರು ದೊಡ್ಡಮ್ಮ.

ಗುಂಪಿನಿಂದ ಎಲ್ಲರಿಗೂ ಕಾಣದಂತೆ ಅಳಿಸಿದ. "ಫೋನಲ್ಲಿ ಇರೋದು?" ಎಂದರು ತಪಾಸಕರು. ಅದನ್ನೂ ಅಳಿಸಿದ. ಒಪ್ಪಿಗೆ ಇಲ್ಲದ ಮೇಲೆ ಇಟ್ಟುಕೊಳ್ಳುವುದು ಸರಿಯಲ್ಲ ಎಂದು ಅವನಿಗೂ ಅನ್ನಿಸಿತು.

ಅಂಗಡಿಯಲ್ಲಿ ಇಡೀ ದಿನ, ಒಬ್ಬ ಗಿರಾಕಿಗೂ ಇನ್ನೊಬ್ಬ ಗಿರಾಕಿಗೂ ನಡುವೆ, ಹೊಸದಾಗಿ ಬರೆದ. ಯಾರಿಗೂ ನೋವಾಗಬಾರದು, ಯಾರ ಗುರುತೂ ಸಿಗಬಾರದು. ಬಿಸಿಲಿಗೆ ಹಾಕುವ ಕಪ್ಪು ಗಾಜನ್ನು ಓದುವ ಕನ್ನಡಕದ ಫ್ರೇಮಿಗೆ ಕೂರಿಸಿ ಮಾಲೀಕರಿಂದ ಬೈಸಿಕೊಂಡ. ಸಂಜೆಯ ಹೊತ್ತಿಗೆ ಬರಹ ಸಿದ್ಧವಾಯಿತು:

"ನಮ್ಮ ಕಟ್ಟಡಕ್ಕೆ ಮೆಟ್ಟಿಲುಗಳಿವೆ. ಅವನ್ನು ಹತ್ತಬಹುದು. ಇಳಿಯಲೂಬಹುದು."

ಗುಂಪಿಗೆ ಕಳಿಸಿದ. ಎಲ್ಲರೂ ಹೆಬ್ಬೆರಳೆತ್ತಿ ಒಪ್ಪಿಗೆ ಕೊಟ್ಟರು. ಮೇಷ್ಟ್ರು ಮಾತ್ರ "ಹತ್ತಬಹುದು ಅನ್ನೋದು ನನ್ ಬಗ್ಗೆ ಅಲ್ಲ ತಾನೆ?" ಎಂದು ಕೇಳಿ ಖಾತ್ರಿ ಮಾಡಿಕೊಂಡರು.

ತರಕಾರಿ ಚೀಲ ಹಿಡಿದೇ ತರಗತಿಗೆ ಓಡಿದ. ಮೇಡಂ ಅಂದು ಖುಷಿಯಲ್ಲಿದ್ದರು.

"ನಿಮ್ಮ ಬರಹಗಳನ್ನ ಹಾಕೋದಕ್ಕೆ ಮುಂಚೆ ಒಂದು ಮಾದರಿ ಓದ್ತೀನಿ. ಮಧ್ಯಾಹ್ನ ನಮ್ಮ ನಾದಿನಿ ಫೋನಿಗೆ ಕಳಿಸಿದ್ಲು. ಎಲ್ಲರ ಫೋನಲ್ಲೂ ಓಡಾಡ್ತಿದೆಯಂತೆ. ಬರೆದವರ ಹೆಸರೇ ಇಲ್ಲ ನೋಡಿ, ಪಾಪ." ಹೀಗೆ ಹೇಳಿ ಓದತೊಡಗಿದರು. "ಎರಡನೇ ಮಹಡಿಯ ಬಾಗಿಲು ಪೂರ್ತಿ ತೆರೆದಿರುವುದೂ ಇಲ್ಲ..."

ತರಗತಿ ಬಿದ್ದು ಬಿದ್ದು ನಕ್ಕಿತು. ಉಸಿರು ತೆಗೆದುಕೊಳ್ಳುವ ಸಾಲಿಗೆ ಚಂದ್ರನ ಬಗ್ಗೆ ಬರೆದವನು ಬೆಂಚಿನಿಂದಲೇ ಜಾರಿದ. ಆದ್ರೂನ ಕಿವಿಗೆ ಅಂಥ ಸದ್ದು ಹಿಂದೆಂದೂ ಬಿದ್ದಿರಲಿಲ್ಲ. ಅವನು ತನಗೆ ಗೊತ್ತಿಲ್ಲದೆಯೇ ಎದ್ದು ನಿಂತ.

"ಮೇಡಂ, ಅದು ನಂದು."

ನಗು ನಿಂತಿತು.

"ನಿಮ್ದಾ? ಎಲ್ಲಿ, ಫೋನಲ್ಲಿ ತೋರ್ಸಿ."

"ಅಳಿಸಿಬಿಟ್ಟೆ ಮೇಡಂ. ಒಪ್ಪಿಗೆ ಸಿಗ್ಲಿಲ್ಲ."

"ಮತ್ತೆ ಇವತ್ತು ಏನು ತಂದಿದೀರಿ?"

ಅವನು ಫೋನು ಕೊಟ್ಟ. ಮೇಡಂ ಮೂರು ವಾಕ್ಯಗಳನ್ನೂ ಓದಿದರು. ಆಮೇಲೆ ಅವನ ಮುಖ ಓದಿದರು.

"ಇದನ್ನ ಬರೆದವರೇ ಅದನ್ನೂ ಬರೆದ್ರಾ? ಮನೆಯವರ ಮಾತು ಬೇಡ, ಬೇರೆ ಯಾರಾದ್ರೂ ಸಾಕ್ಷಿ ಹೇಳ್ತಾರಾ?"

ಆದ್ರೂ ದೊಡ್ಡಮ್ಮನಿಗೆ ಕರೆ ಮಾಡಿ ಸ್ಪೀಕರ್ ಹಾಕಿದ. "ದೊಡ್ಡಮ್ಮ, ಆ ಮೆಟ್ಟಿಲಿನ ಬರಹ, ಬಾಗಿಲಿಂದು, ಅದು ನಾನು ಬರ್ದಿದ್ದು ಅಂತ ನಮ್ ಮೇಡಂಗೆ ಒಂದ್ ಮಾತು ಹೇಳಿ."

"ಯಾವ ಬಾಗಿಲು? ಯಾರ ಬಾಗಿಲು?" ದೊಡ್ಡಮ್ಮನ ದನಿ ತರಗತಿಯ ಗೋಡೆಗೆ ಬಡಿಯಿತು. "ನಮ್ ಬಾಗಿಲು ಯಾವಾಗ್ಲೂ ಮುಚ್ಚೇ ಇರುತ್ತಮ್ಮ! ಅದ್ಯಾವುದೋ ಬೇರೆ ಕಟ್ಟಡದ ಕತೆ. ತುಂಬ ಚೆನ್ನಾಗಿದೆ, ನಂಗೂ ಯಾರೋ ಕಳಿಸಿದ್ರು. ನಮ್ ಆದ್ರೂಗೆ ಅಷ್ಟೆಲ್ಲ ಬರೆಯೋಕೆ ಎಲ್ಲಿ ಬರುತ್ತೆ? ಒಳ್ಳೇ ಹುಡುಗ, ಪಾಪ."

ಕರೆ ಕಡಿದುಹೋಯಿತು. ಮೇಡಂ ನಿಟ್ಟುಸಿರು ಬಿಟ್ಟರು. ಕೋಪಕ್ಕಿಂತ ಬೇಸರವೇ ಹೆಚ್ಚಿತ್ತು.

"ನಾನು ಮೊದಲು ಹೇಳಿಕೊಟ್ಟಿದ್ದೇ ಇದನ್ನ. ಬೇರೆಯವರದ್ದನ್ನ ನಮ್ದು ಅನ್ನಬಾರದು ಅಂತ. ನೀವಂತೂ ಹೀಗೆ ಮಾಡ್ತೀರಿ ಅಂದ್ಕೊಂಡಿರಲಿಲ್ಲ."

"ನಿಜವಾಗ್ಲೂ ನಂದೇ ಮೇಡಂ. ಆದ್ರೂ..."

"ಆ 'ಆದ್ರೂ' ಯಾಕೆ ಬಂತು ಹಾಗಾದ್ರೆ?"

ಅವನು ತರಕಾರಿ ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ. ಮೇಡಂ ಮೆತ್ತಗಾದರು. "ಹೋಗ್ಲಿ, ನಿಮಗೊಂದು ಅವಕಾಶ ಕೊಡ್ತೀನಿ. ಈ ಬರಹವನ್ನ ನಿಮ್ಮ ಪರವಾಗಿ ಜಾಲತಾಣದಲ್ಲಿ ಹಾಕೋಣ, ಮೂಲ ಲೇಖಕರ ಹೆಸರಿನ ಜೊತೆಗೆ. ಅವರನ್ನ ಹುಡುಕಿ, ಒಪ್ಪಿಗೆ ಕೇಳ್ಕೊಂಡು ಬನ್ನಿ. ಕೇಳೋದು ಹೇಗೆ ಅಂತ ನಿಮಗೆ ಚೆನ್ನಾಗಿ ಗೊತ್ತಲ್ಲ."

ಚಂದ್ರನೂ ಸಮುದ್ರವೂ ಆ ಸಂಜೆಯೇ ಪ್ರಕಟವಾದವು.

ಆದ್ರೂ ಚೀಲ ಹೊತ್ತು ಮೆಟ್ಟಿಲು ಹತ್ತಿ ಮನೆಗೆ ಬಂದ. ಹೆಂಡತಿ ಫೋನು ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದಳು.

"ಬನ್ರೀ, ಬನ್ನಿ. ನಮ್ಮಕ್ಕ ಏನೋ ಕಳಿಸಿದಾಳೆ, ಯಾವುದೋ ಮೆಟ್ಟಿಲಿನ ವಿಷ್ಯ. ಎಷ್ಟು ಚೆನ್ನಾಗಿ ಬರ್ದಿದಾರೆ ನೋಡಿ! ನೀವೂ ಅಷ್ಟು ದಿನ ತರಗತಿಗೆ ಹೋದ್ರಿ. ಇಂಥದ್ದು ಒಂದಾದ್ರೂ ಬರೀಬಾರ್ದಾ?"

ಅವನು ಚೀಲ ಕೆಳಗಿಟ್ಟು ಕುಳಿತ. ಅವಳು ಓದಿದಳು, ಅವನು ಕೇಳಿದ. ಎರಡು ಕಡೆ ಅವನಿಗೂ ನಗು ಬಂತು.

ಅಳಿಸುವ ಮೊದಲೇ ಆ ಬರಹದಿಂದ ಅವನ ಹೆಸರನ್ನು ಕತ್ತರಿಸಿ ಹೊರಗಿನವರಿಗೆ ಕಳಿಸಿದವರು ಯಾರೆಂದು ನನಗೆ ತಿಳಿದಿಲ್ಲ. ಕೇಳಿದರೆ ಕಟ್ಟಡದವರು ಒಬ್ಬರನ್ನೊಬ್ಬರು ತೋರಿಸುತ್ತಾರೆ. ಮೂಲ ಲೇಖಕರ ಒಪ್ಪಿಗೆಯನ್ನಂತೂ ಅವನು ಕನ್ನಡಿಯ ಮುಂದೆ ನಿಂತು ಕೇಳಿದನಂತೆ. ಸಿಕ್ಕಿತೋ ಇಲ್ಲವೋ, ಅದೂ ನನಗೆ ಗೊತ್ತಿಲ್ಲ.