ಗುರುವಾರದ ವಿಮಾನ

ಫಜೀತಿಗೆಲ್ಲ ಕಾರಣ ಒಂದು ಟಿಕೆಟ್ಟಿನ ಫೋಟೊ. ಮಸ್ಕತದಲ್ಲಿ ನರ್ಸ್ ಆಗಿರುವ ಪೂನಮ ಅದನ್ನು ಗಂಡನ ಮೊಬೈಲಿಗೆ ಕಳಿಸಿ, ಕೆಳಗೆ ಹೀಗೆ ಬರೆದಿದ್ದಳು: 'ನಮ್ಮ ಪೇಶಂಟ್ ಅಜ್ಜೀನ ಚೆನ್ನೈ ದವಾಖಾನಿಗೆ ಬಿಡಾಕ ಹೊಂಟೀನಿ. ಸೂಟಿ ಕೊಟ್ಟಿಲ್ಲ, ಊರಿಗೆ ಬರಾಕ ಆಗೂದಿಲ್ಲ. ವಿಮಾನ ಮಾತ್ರ ನಮ್ಮ ಸಂಖದ ಮ್ಯಾಲೇ ಹಾಯ್ತದಂತ.'

ಮಹಾರಾಷ್ಟ್ರದ ಗಡಿಯೂರು ಸಂಖದ ತಹಶೀಲ ಕಚೇರಿಯೆದುರು ಝೆರಾಕ್ಸ್ ಅಂಗಡಿ ಇಟ್ಟಿರುವ ರಾಮಲಿಂಗ ಹೆಂಡತಿಯನ್ನು ನೋಡಿ ಎರಡು ವರ್ಷವಾಗಿತ್ತು. ಮೊಬೈಲಿನಲ್ಲಿ ದಿನಾ ಕಾಣುತ್ತಿದ್ದಳು, ಖರೆ. ಆದರೆ ಅದೂ ಒಂದು ನೋಡುವುದೇ? ಬೆರಳಿಟ್ಟರೆ ಬರೀ ಗಾಜು. ಈಗ ತಲೆಯ ಮೇಲೇ ಹಾದುಹೋಗುವವಳಿದ್ದಾಳೆ. 'ನನ್ನ ಪೂನಮ ಈಗ ಇಲ್ಲಿದ್ದಾಳೆ' ಎಂದು ಬೆರಳು ಮಾಡಿ ತೋರಿಸುವಷ್ಟಾದರೂ ತನಗೆ ಸಿಗಲಿ ಎಂದು ಅವನ ಜೀವ ಹಂಬಲಿಸಿತು.

ಹಾರುವ ವಿಮಾನಗಳು ತಮ್ಮ ಗುರುತು, ಎತ್ತರ, ದಿಕ್ಕನ್ನೆಲ್ಲ ರೇಡಿಯೊದಲ್ಲಿ ಒದರಿಕೊಂಡೇ ಹೋಗುತ್ತವೆ. ಒಂದು ಆಂಟೆನಾ, ಅಂಗೈಯಗಲದ ಕಂಪ್ಯೂಟರು ಇದ್ದರೆ ಮನೆಯಲ್ಲೇ ಕೇಳಿಸಿಕೊಳ್ಳಬಹುದು ಎಂದು ಓದಿ, ಎರಡನ್ನೂ ತರಿಸಿದ. ಆಮೇಲೆ ನಾಲ್ಕು ದಿನ ಕೂತು ಸ್ಕ್ರಿಪ್ಟ್ ಬರೆದ. ಸ್ಕ್ರಿಪ್ಟ್ ಅಂದರೆ ಯಂತ್ರಕ್ಕೆ ಸಾಲಾಗಿ ಬರೆದಿಟ್ಟ ಹುಕುಮುಗಳು: ಇದನ್ನು ಇಳಿಸಿಕೊ, ಅದನ್ನು ಜೋಡಿಸು, ನಕಾಶೆ ತೆರೆ, ಎಲ್ಲಾದರೂ ಎಡವಿದರೆ ಎಲ್ಲ ಅಳಿಸಿ ಮೊದಲಿಂದ ಶುರು ಮಾಡು. ಒಂದು ಗುಂಡಿ ಒತ್ತಿದರೆ ಸಾಕು, ಮುಂದಿನದೆಲ್ಲ ತಾನೇ ಆಗಬೇಕು.

ಟಿಕೆಟ್ಟಿನಲ್ಲಿ ಮಸ್ಕತ ಬಿಡುವ ಹೊತ್ತೆಂದು ಇದ್ದದ್ದು ಗುರುವಾರ, ರಾತ್ರಿ ಹನ್ನೆರಡು ಹೊಡೆದು ಹತ್ತು ನಿಮಿಷ. ಗುರುವಾರ ಮುಂಜಾನೆ ಅಂಗಡಿ ತೆರೆಯದೆ ರಾಮಲಿಂಗ ಮಾಳಿಗೆ ಹತ್ತಿದ. ಗುಂಡಿ ಒತ್ತಿ, ದೊಡ್ಡ ಇಂಜಿನಿಯರನ ಗತ್ತಿನಲ್ಲಿ ಕೆಳಗಿಳಿದು ಎರಡು ಸಲ ಚಹಾ ಕುಡಿದ. ಒಂದು ತಾಸಿನ ಮೇಲೆ ಹೋಗಿ ನೋಡಿದರೆ, ಯಂತ್ರ 'ಮುಂದುವರಿಸಲೇ? ಹೌದು ಅಥವಾ ಇಲ್ಲ' ಎಂದು ಕೇಳಿ, ಸುಮ್ಮನೆ ಬಾಗಿಲು ಕಾಯುತ್ತ ಕೂತಿತ್ತು. ಆ ಪ್ರಶ್ನೆಗೆ ಉತ್ತರ ಬರೆಯುವುದನ್ನೇ ಅವನು ಮರೆತಿದ್ದ.

"ಪಾಪ, ಅದು ಕೇಳೇತಿ, ನೀ ಚಹಾ ಕುಡಕೋತ ಕುಂತೀಯಲ್ಲೋ!" ಎಂದು ತಾಯಿ ಇಂದುಬಾಯಿ ಯಂತ್ರದ ಕಡೆಗೇ ನಿಂತಳು.

ಅಷ್ಟರಲ್ಲಿ ಪಕ್ಕದ ಮನೆಯ ಕಿರಾಣಿ ರೇವಪ್ಪ ಏದುಸಿರು ಬಿಡುತ್ತ ಮಾಳಿಗೆ ಹತ್ತಿ ಬಂದ.

"ಮೊಬೈಲ್‌ದಾಗ ಎಲ್ಲಾ ವಿಮಾನ ಕಾಣ್ತಾವಂತಲ್ಲೋ. ಇದ್ಯಾಕ ಬೇಕು?"

"ಅದು ಎಲ್ಲಾರಿಗೂ ಕಾಣೂದ್ರಿ. ಇದು ಆಕೀ ವಿಮಾನದ ದನಿ, ಸೀದಾ ನಮ್ಮ ಮಾಳಿಗಿಗೇ ಬರ್ತೈತಿ."

ರೇವಪ್ಪನಿಗೆ ಏನೂ ತಿಳಿಯಲಿಲ್ಲ. ಆದರೂ ಸಲಹೆ ಕೊಡಲು ಅಲ್ಲೇ ಕುಳಿತ.

ಎರಡನೆಯ ಸಲ ನಕಾಶೆಯೇನೋ ತೆರೆಯಿತು. ಆದರೆ ಮನೆಯ ಗುರುತು ಉತ್ತರಧ್ರುವದ ಹತ್ತಿರ ಹಿಮದ ಸಮುದ್ರದಲ್ಲಿ ತೇಲುತ್ತಿತ್ತು. ರಾಮಲಿಂಗ ಅಕ್ಷಾಂಶದ ಜಾಗದಲ್ಲಿ ರೇಖಾಂಶ ಬರೆದಿದ್ದ.

"ಅದ್ಹೆಂಗ ಆಕ್ಕೈತಿ?" ಇಂದುಬಾಯಿ ಗಾಬರಿಯಾದಳು. "ಸರಕಾರಿ ಉತಾರದ ಕಾಗದದಾಗ ಮನಿ ಸಂಖದಾಗ ಐತಿ. ಊರ ಲೆಕ್ಕ ಬರಿಯೂ ತಲಾಠಿ ಸಹಿ ಮಾಡ್ಯಾನ!"

"ತಲಾಠೀನ ಕರಸು ಮೊದಲ," ಎಂದ ರೇವಪ್ಪ. "ಇಂಥಾದ್ದು ಬಿಡಬಾರದು."

ಅಂಕಿ ತಿದ್ದಿ ಮತ್ತೆ ಗುಂಡಿ ಒತ್ತಿದ. ಈ ಸಲ ಎಲ್ಲ ಸರಿ, ವಿಮಾನ ಮಾತ್ರ ಒಂದೂ ಇಲ್ಲ. ತಂತಿ ಬಿಚ್ಚಿದ, ಕಟ್ಟಿದ, ಮಧ್ಯಾಹ್ನದ ಊಟ ಬಿಟ್ಟ. ಯಂತ್ರ ಹುಕುಮಿನ ಪ್ರಕಾರ ಎಲ್ಲ ಅಳಿಸಿ ಮೊದಲಿಂದ ಶುರು ಮಾಡಿತು, ಮತ್ತೆ ಅಳಿಸಿತು, ಮತ್ತೆ ಶುರು ಮಾಡಿತು. ನಾಲ್ಕು ಗಂಟೆಗೆ ತಲೆಯೆತ್ತಿ ನೋಡುತ್ತಾನೆ, ಆಂಟೆನಾದ ಮೇಲೆ ನೀರು ಸೋರುವ ಕರಿ ಕಂಬಳಿ! ಕುರಿ ಕಾಯುವ ಸೋದರಮಾವ ಭರಮಣ್ಣ ಒಗೆದು ಒಣಹಾಕಿದ್ದ.

"ಮಾಮಾ, ಕಂಬಳಿ ಒಣಾಕಾಕ ಇದ ಸಿಕ್ತೇನ?"

"ನೀ ಗಳಾ ನಿಂದರಿಸಿದ್ದು ಅದಕ್ಕಂತ ತಿಳದೆ. ಭಾಳ ಚಲೋ ಬಿಸಲು ಬೀಳತೈತಿ ಇಲ್ಲಿ," ಎಂದ ಭರಮಣ್ಣ ಮೆಚ್ಚುಗೆಯಿಂದ.

ಕಂಬಳಿ ಇಳಿಯಿತು. ಹೊಸ ಯಂತ್ರಕ್ಕೆ ಭಂಡಾರ ಹಚ್ಚದೆ ಚಾಲೂ ಮಾಡಿದ್ದೇ ತಪ್ಪು ಎಂದು ಭರಮಣ್ಣ ಅದರ ಮೇಲೆ ಒಂದು ಮುಷ್ಟಿ ಅರಿಶಿನ ತೂರಿದ. ರಾಮಲಿಂಗ ಕೆಮ್ಮುತ್ತ ಒರೆಸುತ್ತಿರುವಾಗಲೇ ನಕಾಶೆಯಲ್ಲಿ ಒಂದು ಪುಟ್ಟ ವಿಮಾನ ಮೂಡಿತು. ಮತ್ತೊಂದು. ನೋಡನೋಡುತ್ತ ಹತ್ತೊಂಬತ್ತು!

"ಹೆಂಗ?" ಎಂದು ಭರಮಣ್ಣ ಮೀಸೆ ತಿರುವಿದ.

ರಾಮಲಿಂಗನ ಕಣ್ಣು ತುಂಬಿ ಬಂತು. ಇನ್ನು ರಾತ್ರಿಯಾಗುವುದೊಂದೇ ಬಾಕಿ. ಈ ಪುಟ್ಟ ಗುರುತುಗಳ ನಡುವೆ ಒಂದರಲ್ಲಿ ಪೂನಮ ಕೂತು ಬರುತ್ತಾಳೆ. ಆಗಲೇ ಮೊಬೈಲ್ ರಿಂಗಾಯಿತು. ಅವನ ಕೈತುಂಬ ಅರಿಶಿನ. ರೇವಪ್ಪನೇ ಎತ್ತಿ ಸ್ಪೀಕರ್ ಒತ್ತಿದ.

"ಮುಂಜಾನಿಂದ ದವಾಖಾನ್ಯಾಗ ಪುರಸತ್ತ ಇಲ್ರಿ, ಈಗ ಫೋನ್ ಹಿಡದೀನಿ," ಎಂದಳು ಪೂನಮ. "ನಸುಕಿನಾಗ ನಿಮ್ಮನ್ನ ನೋಡಿದ್ನಿರಿ!"

"ನಸುಕಿನಾಗ? ಎಲ್ಲಿದ್ದೀ ನೀ?"

"ಚೆನ್ನೈದಾಗ. ಸೀಟಿನ ಮುಂದಿನ ನಕಾಶದಾಗ ನಮ್ಮ ತಾಲೂಕ ಜತ್ತ ಅಂತ ಬಂತು, ಖಿಡಕಿಗೆ ಹಣಿ ಹಚ್ಚಿ ಕುಂತೆ. ಕೆಳಗ ಕತ್ತಲಿ. ಒಂದ ಬ್ಯಾಟರಿ ಬೆಳಕ ಆಕಡಿ ಈಕಡಿ ಆಡ್ತಿತ್ತು. ನೀವ ಅಂತ ಗೊತ್ತಾತು. ಅತ್ತಬಿಟ್ಟೆ."

ಸಂಖದಲ್ಲಿ ಹೊತ್ತು ಹುಟ್ಟಿದ ಮೇಲೇ ವಾರ ಬದಲಾಗುವುದು. ರಾತ್ರಿ ಎಷ್ಟೇ ಗಂಟೆ ಹೊಡೆಯಲಿ, ಅದು ಹಿಂದಿನ ಹಗಲಿಗೇ ಸೇರಿದ್ದು. ವಿಮಾನದವರಿಗೆ ಮಾತ್ರ ಹನ್ನೆರಡು ಹೊಡೆದ ಕ್ಷಣವೇ ಗುರುವಾರ. ಎಂದರೆ ಬುಧವಾರ ಉಂಡು ಮಲಗಿದ ರಾತ್ರಿಯೇ ಅವಳು ದಾಟಿಹೋಗಿದ್ದಳು. ಆದರೂ ಅವಳ ಆ ಅಳುವನ್ನು ಸುಳ್ಳು ಮಾಡಲು ರಾಮಲಿಂಗನಿಗೆ ಮನಸ್ಸು ಬರಲಿಲ್ಲ.

"ಹೂಂ," ಎಂದ ಮೆಲ್ಲಗೆ. "ನಾನ."

"ಏ, ಅದು ನಾನವ್ವ!" ಭರಮಣ್ಣ ಹಿಗ್ಗಿ ಕೂಗಿದ. "ಕುರಿ ಈದಿತ್ತು, ಮರಿ ಎತ್ತಾಗೋ ಹೋಗಿತ್ತು, ಹುಡಕ್ತಿದ್ನಿ. ಇಂವನ್ನ ಎಬ್ಬಸಾಕ ಬಂದ್ರ ಹೊಳ್ಳಿ ಮಲಕ್ಕೊಂಡ."



"ಹಂಗಾರ ನಾ ಅತ್ತಿದ್ದು ನಿಮಗೇನ್ರಿ ಮಾಮಾ?" ಎಂದಳು ಪೂನಮ. "ಇರಲಿ. ಮರಿ ಸಿಕ್ತೇನು?"

"ಸಿಕ್ತವ್ವ. ತಾಯಿ ಹತ್ರ ಬಿಟ್ಟೆ."

ರೇವಪ್ಪ ಹೊಟ್ಟೆ ಹಿಡಿದು ನಕ್ಕ. ಇಂದುಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ರಾಮಲಿಂಗ ಅರಿಶಿನದ ಕೈಯಲ್ಲೇ ಮೊಬೈಲ್ ಕಸಿದುಕೊಂಡು, ಸ್ಪೀಕರ್ ಬಂದ್ ಮಾಡಿ, ಮಾಳಿಗೆಯ ಮೂಲೆಗೆ ಹೋದ.

"ಸುಳ್ಳ ಹೇಳಿದ್ನಿ ಪೂನಮ. ತಪ್ಪಾತು. ವಾಪಸ್ ಯಾವಾಗ ಹಾಯ್ತಿ? ಈ ಸಲ ಮಲಗೂದೇ ಇಲ್ಲ. ಯಂತ್ರಾನೂ ಚಾಲೂ ಆಗೇತಿ."

"ನಾಳಿಗ್ರಿ," ಎಂದಳು ಅವಳು. "ಆದ್ರ ಟಿಕೀಟ್ ಕೇರಳದ ಕೊಚ್ಚಿ ಮ್ಯಾಲಿಂದ ಐತಿ."